ಹಗೇವಿಗೆ ಇಳಿಸಿದ ದೀಪ

ಹಗೇವಿನಿಂದ ತೆಗೆದ ಜೋಳಕ್ಕೆ ಒಂದು ಮುಗ್ಗು ವಾಸನೆ ಇರುತ್ತಿತ್ತು. ನೆಲದೊಳಗೆ ಕೋಣೆಯಷ್ಟು ಅಗಲ ತೋಡಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿಡುತ್ತಿದ್ದರು. ಆ ಜೋಳದ ರೊಟ್ಟಿಯನ್ನು ಚಿಕ್ಕಂದಿನಲ್ಲಿ ನಾನು ಮೂಗು ಹಿಡಿದುಕೊಂಡೇ ತಿನ್ನುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅದೇ ವಾಸನೆ ದೇವದುರ್ಗದ ನಮ್ಮ ಓಣಿಯಲ್ಲಿ ಮತ್ತೆ ಬಂತು. ನೀರಿನ ಪೈಪಿಗೆಂದು ಅಗೆಯುತ್ತಿದ್ದ ಜೆಸಿಬಿ ಹಳೆಯ ಹಗೇವೊಂದರ ಕಲ್ಲನ್ನು ಸರಿಸಿತ್ತು. ಜನ ಬಗ್ಗಿ ನೋಡುವಷ್ಟರಲ್ಲಿ ಓಣಿಯ ಕಂದು ನಾಯಿ ಕಾಲು ಜಾರಿ ಒಳಗೆ ಬಿತ್ತು. ಕುಸಿದ ಮಣ್ಣಿನ ಗುಡ್ಡೆಯ ಮೇಲೆ ನಿಂತು ಒಂದೇ ಸಮನೆ ಒದರತೊಡಗಿತು.

ಜೆಸಿಬಿ ಓಡಿಸುವ ಜಿಲಾನಿ ಪಾಷಾ ರಾಯಚೂರು ಶಹರದವನು. ಏಣಿ ಇಳಿಬಿಟ್ಟು, ಅಂಗಿ ಕಳಚಿದ. ಎದುರು ಮನೆಯ ಬಂಡೆಮ್ಮ ಬಂದು ಅಡ್ಡ ನಿಂತಳು.

“ಇಳಿಬ್ಯಾಡ ಲೇ. ಇದು ಹಗೇವು.”

“ನಾಯಿ ಸಾಯಾಕತ್ತದ ಯವ್ವಾ. ಎರಡು ನಿಮಿಷ ಅಷ್ಟೇ.”

“ನಮ್ಮಣ್ಣನೂ ಹಂಗಽ ಅಂದು ಇಳದಿದ್ದ.”

ಒಳಗಿನ ಕೆಟ್ಟ ಗಾಳಿಗೆ ಅವಳ ಅಣ್ಣ ಸತ್ತದ್ದು ಓಣಿಯ ಹಿರಿಯರಿಗೆ ಗೊತ್ತು. ಪಕ್ಕದ ಮನೆಯ ಗುರುಸಿದ್ದ ಮಾತ್ರ ನಕ್ಕ. “ನಾಯಿ ಒದರಾಕತ್ತದಲ್ಲ ಅತ್ತಿ, ಗಾಳಿ ಚಲೋನ ಅದ. ರೊಟ್ಟಿ ಕದ್ದೈತಿ ಅಂತ ನಿನ್ನಿ ಇದನ್ನ ಬಡಿಗಿ ಹಿಡದು ಅಟ್ಯಾಡಿಸಿದಿ. ಆ ಸಿಟ್ಟು ಇನ್ನಾ ಇಳದಿಲ್ಲೇನು?”

ಬಂಡೆಮ್ಮ ಅವನತ್ತ ನೋಡಲಿಲ್ಲ. “ಅಕ್ಕಾರ, ದೀಪ ತರ್ರಿ,” ಎಂದಳು ನನಗೆ.

ಹಣತೆಯನ್ನು ಬಕೀಟಿನಲ್ಲಿಟ್ಟು ಹಗ್ಗದಿಂದ ಇಳಿಸಿದೆವು. ಅರ್ಧಕ್ಕೇ ದೀಪ ಆರಿತು. ಕೆಳಗೆ ನಾಯಿಯ ದನಿಯೂ ಸಣ್ಣಗಾಗುತ್ತಿತ್ತು.

“ಬೇವಿನ ಟೊಂಗಿ ಕಡಕೊಂಡು ಬಾ, ನಗಾವ,” ಎಂದಳು ಬಂಡೆಮ್ಮ ಗುರುಸಿದ್ದನಿಗೆ. ಅವನೇ ಮರ ಹತ್ತಿದ. ಟೊಂಗೆಗಳ ಹೊರೆಯನ್ನು ಹಗ್ಗಕ್ಕೆ ಕಟ್ಟಿ, ಬಾವಿಯಲ್ಲಿ ನೀರು ಸೇದುವಂತೆ ಎಲ್ಲರೂ ಸರದಿಯಲ್ಲಿ ಇಳಿಸಿದರು, ಎಳೆದರು. ಒಳಗಿನ ಗಾಳಿ ಕಲಕಿ ಮುಗ್ಗು ವಾಸನೆ ಮೇಲೆದ್ದಿತು. ಮತ್ತೆ ಇಳಿಸಿದ ದೀಪವೂ ಆರಿತು. ಇನ್ನಷ್ಟು ಹೊತ್ತು ಸೇದಿದ ಮೇಲೆ ಅದು ತಳ ಮುಟ್ಟಿಯೂ ಉರಿಯಿತು.

ಆಗ ಅವಳೇ ಜಿಲಾನಿಯ ಸೊಂಟಕ್ಕೆ ಹಗ್ಗ ಬಿಗಿದಳು. ಗುರುಸಿದ್ದನೂ ಮತ್ತಿಬ್ಬರೂ ಹಿಡಿದಿದ್ದರೂ ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಳು.

“ಮಾತಾಡಕೋತ ಇಳಿ. ಬಾಯಿ ಮುಚ್ಚಬ್ಯಾಡ.”

“ಏನ್ ಮಾತಾಡ್ಲಿ ಯವ್ವಾ?”

“ಏನರ ಒದರು.”

ಅವನು ಬಸ್ ಕಂಡಕ್ಟರನಂತೆ ಊರುಗಳ ಹೆಸರು ಕೂಗುತ್ತ ಇಳಿದ. “ಕಲ್ಲೂರು, ಮಾನ್ವಿ, ಪೋತ್ನಾಳ…” ಪೋತ್ನಾಳದಲ್ಲಿ ದನಿ ನಿಂತಿತು.

“ಮುಂದ?” ಬಂಡೆಮ್ಮ ಚೀರಿದಳು. “ಮುಂದ ಯಾವೂರೋ?”

“ತಡೀರಿ ಯವ್ವಾ, ನಾಯಿ ಕಚ್ಚಾಕ ಬರಾಕತ್ತದ!”

ಜನರೆಲ್ಲ ನಕ್ಕರು. ಅವಳು ನಗಲಿಲ್ಲ.

ಗೋಣಿಚೀಲದಲ್ಲಿ ಸುತ್ತಿದ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವನು ಮೇಲೆ ಬಂದ. ನಾಯಿ ತೂರಾಡುತ್ತ ಜೆಸಿಬಿಯ ನೆರಳಿಗೆ ಹೋಗಿ ಮಲಗಿತು. ಬಂಡೆಮ್ಮ ಮುಂಗೈಯ ಹಗ್ಗ ಬಿಚ್ಚಿದಳು. ಚರ್ಮ ಕೆಂಪಗೆ ಕಂದಿತ್ತು. ಮನೆಯೊಳಗೆ ಹೋಗಿ, ಅರಿವೆಯ ಗಂಟೊಂದನ್ನು ತಂದು ಜಿಲಾನಿಯ ಕೈಗಿಟ್ಟು, ನಾಯಿಯತ್ತ ಒಮ್ಮೆ ನೋಡಿದಳು. ಅದರಲ್ಲಿ ರೊಟ್ಟಿ ಮತ್ತು ಪುಂಡಿಪಲ್ಯ. ಬದಿಗೆ ಬೇರೆಯಾಗಿ ಮಡಚಿಟ್ಟ, ಖಾರ ತಾಗದ ಎರಡು ರೊಟ್ಟಿ.