ಹೊಸ್ತಿಲ ಮಟ್ಟ

ಮುಷರಫ್ ಕೊನೆಯ ಗೂಟ ಬಡಿದು ದಾರ ಬಿಗಿದ. ಹಿತ್ತಲ ಬಾಗಿಲಿನಿಂದ ಬೇವಿನ ಮರದವರೆಗೆ ಕಟ್ಟಲಿದ್ದ ಮರದ ಕಟ್ಟೆಯ ಅಂಚುಗಳೆಲ್ಲ ದಾರದಲ್ಲೇ ಮೂಡಿದವು. ಮನೆಯ ಯಜಮಾನ ಮಹಾರುದ್ರಪ್ಪನಿಗೆ ಖುಷಿಯೋ ಖುಷಿ. ಬಸವಕಲ್ಯಾಣದ ಆ ಓಣಿಯಲ್ಲಿ ಕಲ್ಲಿನ ಕಟ್ಟೆಗೇನು ಬರ? ಆದರೆ ತಣ್ಣನೆಯ ಕಲ್ಲು ಹೆಂಡತಿ ಭಾಗಮ್ಮನ ನೋವಿನ ಮೊಣಕಾಲಿಗೆ ಆಗಿಬರುವುದಿಲ್ಲ ಎಂದು ಅವನು ಹಟ ಹಿಡಿದು ಹುಮನಾಬಾದಿನಿಂದ ಈ ಬಡಗಿಯನ್ನು ಕರೆಸಿದ್ದ.

ಭಾಗಮ್ಮ ದಸರಾದಿಂದ ಈಚೆಗೆ ಹಿತ್ತಲಿಗೆ ಇಳಿದಿರಲಿಲ್ಲ. ಅವಳ ಮಲ್ಲಿಗೆ ಬಳ್ಳಿ ಅಲ್ಲಿ, ಗೋಡೆಯಾಚೆಯ ಗೆಳತಿ ವಜೀರಬಿ ಅಲ್ಲಿ. ಈಗ ಇಬ್ಬರದೂ ಫೋನಿನಲ್ಲೇ ಮಾತು, ನಡುವೆ ಬರೀ ಒಂದು ಗೋಡೆ ಇಟ್ಟುಕೊಂಡು!

ಒಳಗಿನ ನೆಲವೂ ಹೊರಗಿನ ಹಲಗೆಯೂ ಒಂದೇ ಮಟ್ಟಕ್ಕಿರಬೇಕೆಂಬುದು ಮಹಾರುದ್ರಪ್ಪನ ಲೆಕ್ಕ. ಗೆದ್ದಲು ಹತ್ತದಂತೆ ಚೌಕಟ್ಟಿನ ಕೆಳಗೆ ಕಲ್ಲು, ಮಳೆನೀರು ಗೋಡೆಗೆ ಬರದಂತೆ ಮರದ ಕಡೆ ತುಸು ಇಳಿಜಾರು, ಎಲ್ಲ ಮಾತಾಗಿತ್ತು. ಕಟ್ಟಿಗೆ ಕೊಯ್ಯುವ ಮೊದಲು ಅಮ್ಮ ಒಮ್ಮೆ ನಡೆದು ನೋಡಲಿ ಎಂದು ಮುಷರಫ್ ದಾರದ ಮಟ್ಟಕ್ಕೆ ಇಟ್ಟಂಗಿ ಪೇರಿಸಿ ಹಲಗೆ ಹಾಕಿದ.

ಭಾಗಮ್ಮ ಬಾಗಿಲು ಹಿಡಿದು ಬಂದಳು. ನಡುವೆ ಹೊಸ್ತಿಲು ಎದ್ದು ನಿಂತಿತ್ತು, ಬೆಳಗಿನ ಅರಿಶಿನ ಕುಂಕುಮ ಹೊತ್ತುಕೊಂಡು. ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳ ಒಂದು ಕಾಲು ದಾಟಿತು, ನೋವಿನ ಕಾಲು ಮೇಲೇಳಲಿಲ್ಲ. ಅವಳು ಗಡಬಡಿಸಿ ಹಿಂದೆ ಸರಿದಳು.

ಹೊಸ್ತಿಲ ಮೇಲೇ ಕಾಲಿಟ್ಟು ಬಾ ಎಂದ ಗಂಡ. ಅವಳು ಅವನ ಕಡೆ ನೋಡಲೂ ಇಲ್ಲ. ಹಾಗಾದರೆ ಅದನ್ನು ಕೀಳಿಸಿಬಿಡೋಣ ಎಂದ.

"ದಿನಾ ಪೂಜಿ ಮಾಡೋ ಹೊಸ್ತಿಲ ಕೀಳಿಸಿ ನಾ ಹಿತ್ತಲಕ ಹೋಗಬೇಕೇನ್ರಿ? ನನಗ ಈ ಕಟ್ಟಿನೇ ಬ್ಯಾಡ. ಅವರಿಗಿ ಚಾ ಕೊಟ್ಟು ಕಳಸ್ರಿ."

ಮಹಾರುದ್ರಪ್ಪನ ಮುಖ ಬಾಡಿತು. ಬಾಯಿ ಜಾರಿದ್ದು ಅವನಿಗೇ ಕೆಟ್ಟೆನಿಸಿತು. ಹುಮನಾಬಾದಿನ ಎಣ್ಣೆ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದವನು ಅವನು. ಅಲ್ಲಿ ಹಮಾಲರು ಕೂಡ ಹೊಸ್ತಿಲು ತುಳಿಯುತ್ತಿರಲಿಲ್ಲವಲ್ಲ! ಹಾಗಾದರೆ ಆ ಭಾರದ ಪೀಪಾಯಿಗಳು ಒಳಗೆ ಬರುತ್ತಿದ್ದುದು ಹೇಗೆ? ಅವನಿಗೆ ಥಟ್ಟನೆ ನೆನಪಾಯಿತು.

"ಮುಷರಫ್, ಹೊರಗಿನ ಹಲಗಿ ಹೊಸ್ತಿಲ ತಲಿ ಸಮ ಎತ್ತು. ಒಳಗಿನ ಕಡಿ ಇನ್ನೊಂದು ಹಲಗಿ ಇಳಿಜಾರ ಇಡು. ಅಂಗಡ್ಯಾಗ ಪೀಪಾಯಿ ಹಿಂಗೇ ದಾಟಸ್ತಿದ್ವಿ."

ಮುಷರಫ್ ಇನ್ನೊಂದು ಸಾಲು ಇಟ್ಟಂಗಿ ಏರಿಸಿದ. ಎರಡು ಹಲಗೆಗಳ ನಡುವೆ ಹೊಸ್ತಿಲು ಈಗ ಬರೀ ಒಂದು ಅರಿಶಿನದ ಪಟ್ಟಿ.

"ಅಂದ್ರ ನಾ ಎಣ್ಣಿ ಪೀಪಾಯಿ ಆದೆನೇನ್ರಿ?" ಎಂದಳು ಭಾಗಮ್ಮ. ಅನ್ನುತ್ತಲೇ ಹಲಗೆ ಏರಿದ್ದಳು. ಪಟ್ಟಿಗೆ ತಾಗದಂತೆ ಒಂದು ಹೆಜ್ಜೆ, ನೋವಿನ ಕಾಲೂ ತುಸುವೇ ಎದ್ದು ಹಿಂದಿನಿಂದ ಬಂತು. ಹೊರಗಿನ ಹಲಗೆಯ ಮೇಲೆ ಮೆಲ್ಲನೆ ಕುಳಿತು ಕಾಲು ಇಳಿಬಿಟ್ಟಳು.

ಅಡುಗೆಮನೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ತಂದುಕೊಡಲು ಹೊರಟ ಗಂಡನನ್ನು ಅವಳು ಕೈಮಾಡಿ ತಡೆದಳು.

"ಫೋನ್ ಇಡು, ವಜೀರಬಿ," ಎಂದು ಗೋಡೆಯ ಕಡೆ ಮುಖ ಮಾಡಿ ಕೂಗಿದಳು. "ನಾ ಇಲ್ಲೇ ಕುಂತೀನಿ."

ಒಳಗೆ ಫೋನು ನಿಂತಿತು. ಹೊಸ ಮಟ್ಟಕ್ಕೆ ದಾರ ಕಟ್ಟಲು ಅವಳು ಕುಳಿತಿದ್ದ ಹಲಗೆಯನ್ನೇ ತೆಗೆಯಬೇಕಿತ್ತು. ಮುಷರಫ್ ದಾರದುಂಡೆ ಹಿಡಿದುಕೊಂಡು ಬೇವಿನ ಬುಡಕ್ಕೆ ಹೋಗಿ ಕುಳಿತ.