ಸಮುದ್ರದ ಮೇಲೆ ಹೋದ ಗಾಡಿ

ಗೋಡೆಗೆ ಒರಗಿಸಿ ಕೂಡ್ರಿಸಿದ್ದ ಚಂದ್ರಾಮನ ಹೆಣದ ತಲೆ ಮತ್ತೆ ಎಡಕ್ಕೆ ವಾಲಿತು. ಹಣೆಗೆ ವಿಭೂತಿ ಹಚ್ಚುತ್ತಿದ್ದ ತಂಗಿ ಬಾಳಮ್ಮ ಅವನ ಗದ್ದ ಎತ್ತಿ ಹಿಡಿದಳು. ನೆಲೋಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಲೇ ಮುದುಕನಾದವನು.

“ದೇವರಂಥಾ ಮನಷ್ಯಾ,” ನೆರೆಮನೆಯ ಕಸ್ತೂರಿಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಗಂಡ ಬಿಟ್ಟ ತಂಗಿ ಸಲುವಾಗಿ ಲಗ್ನಾನೇ ಆಗಲಿಲ್ಲ ನೋಡ್ರಿ.”

“ಹೌದ್ರಿ. ಈಕಿ ಬರದಿದ್ರ ಇವತ್ತ ಅಳಾಕ ಹೆಂಡ್ತಿ ಮಕ್ಕಳು ಇರ್ತಿದ್ರು,” ಅಂದಳು ಬಾಗಿಲಲ್ಲಿ ಕೂತಿದ್ದ ಮತ್ತೊಬ್ಬಳು.

ಬಾಳಮ್ಮನಿಗೆ ಆ ಮಾತು ಹೊಸದಲ್ಲ.

*

ತೊಂಬತ್ತನಾಲ್ಕನೇ ಇಸವಿಯಲ್ಲಿ ಊರವರೆಲ್ಲ ಬಸ್ಸು ಮಾಡಿಕೊಂಡು ರಾಮೇಶ್ವರಕ್ಕೆ ಹೋಗಿದ್ದರು. ಚಂದ್ರಾಮ ಗಿರಣಿಗೆ ಬೀಗ ಹಾಕಿದ್ದು ಅದೊಂದೇ ಸಲ. ಗುಡಿ ನೋಡಿ ಬಂದು ಮಂದಿ ಛತ್ರದಲ್ಲಿ ಮಲಗಿದ್ದಾಗ ಅವನು ಸಮುದ್ರದ ಸೇತುವೆ ದಾಟಿ ಆಚೆಯ ಮಂಡಪಂಗೆ ಹೋಗಿಬರಲು ತಂಗಿಯನ್ನು ಸ್ಟೇಷನ್ನಿಗೆ ಕರೆದೊಯ್ದ.

“ಆ ಕಡಿ ಏನ್ ಕೆಲಸ ಅದ ಅಣ್ಣಾ?”

“ಏನೂ ಇಲ್ಲ. ಕೆಲಸ ಇಲ್ಲಂತನೇ ಹೋಗೋದು.”

ಸೇತುವೆ ಹತ್ತಿದ ಗಾಡಿ ಎತ್ತಿನ ಬಂಡಿಗಿಂತ ನಿಧಾನವಾಯಿತು. ಕಿಟಕಿಯ ಕೆಳಗೆ ನೆಲವೇ ಇಲ್ಲ, ಬರೀ ಹಸಿರು ನೀರು. ಬಾಳಮ್ಮ ಮೊದಲು ಸರಳು ಬಿಗಿಹಿಡಿದಳು. ಆಮೇಲೆ ಉಪ್ಪುಗಾಳಿಗೆ ಮುಖ ಒಡ್ಡಿ ಕೂತಳು. ಆ ಧೈರ್ಯದಲ್ಲೇ ಕೇಳಿದಳು:

“ನಾ ಬರದಿದ್ರ ನಿಂದೂ ಒಂದ ಸಂಸಾರ ಆಗ್ತಿತ್ತಲ್ಲ ಅಣ್ಣಾ?”

ಗಿರಣಿಯ ಸದ್ದಿನಲ್ಲಿ ಕೂಗಿಯೇ ಮಾತಾಡಿ ರೂಢಿಯಾದವನು ಆಗ ಮೆಲ್ಲಗೆ ಅಂದ: “ನನಗ ಲಗ್ನಾನೇ ಬ್ಯಾಡಾಗಿತ್ತು ಬಾಳಾ. ಮಂದಿ ಕೇಳಿದಾಗೆಲ್ಲ ನಿನ್ನ ಹೆಸರ ಹೇಳಿದೆ. ಸುಮ್ಮನಾಗ್ತಿದ್ರು.”

ಅವಳಿಗೆ ಸಿಟ್ಟು ಉಕ್ಕಿತು. ಅದರ ಬೆನ್ನಿಗೇ ಎದೆ ಹಗುರಾಯಿತು. ಕಿಟಕಿಯತ್ತ ತಿರುಗಿ ನೀರು ನೋಡಿದಳು.

ಮಂಡಪಂ ಬಂದಾಗ ಅವನೇ ಕೇಳಿದ: “ಸಿಟ್ಟಾದೇನು?”

“ಹೂಂ.”

“ವಾಪಸ್ ಹೋಗುವಾಗ ಈ ಬಾಜು ಕೂಡು. ಆ ಕಡಿ ಸಮುದ್ರ ನೋಡಿಲ್ಲ ನೀ.”

*

“ಖರೇ ಅಲ್ಲೇನ ಬಾಳಮ್ಮಾ?” ಕಸ್ತೂರಿಬಾಯಿ ಕೇಳಿದಳು. “ನಿನ್ನ ಸಲುವಾಗೇ ಅಲ್ಲೇನು?”

ನಿಜ ನಾಲಿಗೆಯ ತುದಿಗೆ ಬಂದಿತ್ತು. ಬಾಳಮ್ಮ ಅಣ್ಣನ ಮುಖ ನೋಡಿದಳು.

“ಹೌದವ್ವ,” ಅಂದಳು. “ನನ್ನ ಸಲುವಾಗೇ.”

ಮಧ್ಯಾಹ್ನ ಹೊಲದಲ್ಲಿ ಹೂಳಲು ತೋಡಿದ್ದ ಕುಣಿಯಲ್ಲಿ ಅವನನ್ನು ಕೂಡ್ರಿಸಿದರು. ಮೊದಲ ಮಣ್ಣು ಹಾಕಲು ದಾಯಾದಿ ನಾಗಣ್ಣ ಮುಂದೆ ಬಂದ.

“ನಾ ಹಾಕ್ತೇನ್ರಿ,” ಎಂದಳು ಬಾಳಮ್ಮ.

“ಹೆಣ್ಮಕ್ಕಳು ಹಾಕಬಾರ್ದವ್ವ,” ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

“ಹಾಕ್ಲಿ ಬಿಡ್ರಿ,” ನಾಗಣ್ಣ ಹಿಂದೆ ಸರಿದ. “ಇನ್ನ ಆಕಿಗಿ ಯಾರದಾರ?”

ಅವಳ ಕೈಗೆ ಸಿಕ್ಕಿದ್ದು ಕಲ್ಲಿನಂತೆ ಗಟ್ಟಿಯಾದ ಎರೆಮಣ್ಣಿನ ಹೆಂಟೆ. ಅದನ್ನು ಎರಡೂ ಅಂಗೈ ನಡುವೆ ತಿಕ್ಕತೊಡಗಿದಳು. ಸಲಿಕೆ ಹಿಡಿದವರು ಕಾದರು. ಹೆಂಟೆ ಪೂರಾ ಪುಡಿಯಾದ ಮೇಲೆ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ, ತಲೆಯ ಮೇಲೆ ಬೀಳದಂತೆ, ಅವನ ತೊಡೆಯ ಮೇಲೆ ಮೆಲ್ಲಗೆ ಬಿಟ್ಟಳು.