ಇನ್ನೂರ ಹದಿಮೂರು ಹೂಂ

ಹದಿನೆಂಟು ವರ್ಷ ಚಿತ್ರಕತೆ ಬರೆದರೂ ಸಿನಿಮಾದವರ ಬಾಯಲ್ಲಿ ಅವಳಿಗೆ ಉಳಿದ ಹೆಸರು ಕಾಡಮ್ಮ. ಮೂಲನಿವಾಸಿಗಳ ಪಾತ್ರವಿರುವ ಕತೆ ಸಿಕ್ಕರೆ ಸಾಕು, ನಿರ್ಮಾಪಕರು ಅವಳನ್ನು ಕರೆಸಿ "ಸ್ವಲ್ಪ ನಿಮ್ಮತನ ಹಾಕಿಕೊಡಿ" ಎನ್ನುತ್ತಿದ್ದರು, ಸಾರಿಗೆ ಉಪ್ಪು ಕೇಳುವವರಂತೆ. ಅವಳು ಬರೆದ ಹದಿನಾಲ್ಕು ಸಿನಿಮಾಗಳಲ್ಲಿ ಅವಳ ಜನ ಇಂಟರ್ವಲ್ ಆದಮೇಲೆ ಸತ್ತಿದ್ದರು. ಅದರಲ್ಲಿ ಒಂಬತ್ತು ಸಲ ನಾಯಕನನ್ನು ಉಳಿಸುವುದಕ್ಕೆ. ಒಂದರಲ್ಲಂತೂ ಬಿಲ್ಲು ಹಿಡಿದ ಮುದುಕ ಕೈಗಡಿಯಾರ ಕಟ್ಟಿಕೊಂಡೇ ಪ್ರಾಣ ಬಿಟ್ಟಿದ್ದ. ತೋರಿಸಿದರೆ ನಿರ್ದೇಶಕ, "ಸಾಯೋ ಹೊತ್ತಲ್ಲಿ ಟೈಮ್ ಯಾರು ನೋಡ್ತಾರಮ್ಮ?" ಎಂದಿದ್ದ.

ಈಗ ಅವಳದೇ ಮೊದಲ ಸಿನಿಮಾ. ತೊಂಬತ್ತು ನಿಮಿಷ, ತಾಯಿಯ ತಾಯಿ ಒಬ್ಬಳೇ ಕೂತು ಹೇಳುವ ಒಂದೇ ಕತೆ. ಅದು ಈಗ ಗೊತ್ತಿರುವುದು ಅಜ್ಜಿಗೆ ಮಾತ್ರ. ಚಿಕ್ಕಂದಿನಲ್ಲಿ ಕಾಡಮ್ಮ ಪ್ರತಿ ಸಲವೂ ನಡುವೆಯೇ ನಿದ್ದೆ ಹೋಗುತ್ತಿದ್ದಳು. ಇವತ್ತು ಸಂಜೆ ಐದರೊಳಗೆ ಸಿನಿಮಾದ ಅಂತಿಮ ಪ್ರತಿ ಚಿತ್ರೋತ್ಸವಕ್ಕೆ ತಲುಪಬೇಕು. ಆದರೆ ಅಜ್ಜಿ ನೋಡಿ ಒಪ್ಪದೆ ಕಳಿಸುವುದಿಲ್ಲ ಎಂದು ಕಾಡಮ್ಮನೇ ಮಾತು ಕೊಟ್ಟಿದ್ದಳು.

ಮಧ್ಯಾಹ್ನ ಎರಡಕ್ಕೆ ಅಜ್ಜಿ ಸೌಂಡ್ ಸ್ಟುಡಿಯೋಗೆ ಬಂದು, ತಿರುಗುವ ಕುರ್ಚಿಯಲ್ಲಿ ಎರಡು ಸುತ್ತು ತಿರುಗಿ ನೋಡಿ ಕೂತಳು. ಯಂತ್ರದ ಮುಂದೆ ಸೌಂಡ್ ಇಂಜಿನಿಯರ್ ಇದ್ದ, ಎಲ್ಲರಿಗೂ ಅವನು ಸೌಂಡಣ್ಣ. ರೆಕಾರ್ಡಿಂಗ್ ಹೊತ್ತಿನಲ್ಲಿ ಕೆಮ್ಮಿದನೆಂದು ಹೆತ್ತ ಅಪ್ಪನನ್ನೇ ಆಚೆ ಕಳಿಸಿದ್ದ ಆಸಾಮಿ ಅವನು.

ಹನ್ನೊಂದನೆಯ ನಿಮಿಷಕ್ಕೆ ಅಜ್ಜಿ, "ನಿಲ್ಲಿಸ್ರೋ" ಎಂದಳು.

"ಏನಾಯ್ತಜ್ಜಿ?"

"ಯಾರೂ ಹೂಂ ಅಂತಾನೇ ಇಲ್ವಲ್ಲೇ! ನಾನೇನು ಗೋಡೆಗೆ ಕತೆ ಹೇಳ್ತಿದೀನಾ? ನೋಡಿದೋರು ಮುದುಕಿಗೆ ತಲೆ ಕೆಟ್ಟಿದೆ ಅಂತಾರೆ."

ಎದುರಿಗಿದ್ದವರು ಹೂಂಗುಟ್ಟದಿದ್ದರೆ ಅಜ್ಜಿಯ ಕತೆ ಮುಂದಕ್ಕೆ ಹೋಗುವುದಿಲ್ಲ. ಶೂಟಿಂಗ್‌ನಲ್ಲಿ ಕ್ಯಾಮೆರಾ ಪಕ್ಕ ಕೂತು ಕಾಡಮ್ಮ ಆ ಕೆಲಸ ಮಾಡಿದ್ದಳು.

"ಇನ್ನೂರ ಹದಿಮೂರು ಹೂಂ ಇತ್ತಜ್ಜಿ," ಎಂದ ಸೌಂಡಣ್ಣ ಹೆಮ್ಮೆಯಿಂದ. "ಎಂಟು ದಿನ ಕೂತು ಹೇನು ಹೆಕ್ಕಿದ ಹಾಗೆ ಹೆಕ್ಕಿ ಬಿಸಾಕಿದೀನಿ."

"ನಿನ್ನ ಕೈಗೆ ತಲೆ ಕೊಡಬಾರದಪ್ಪ. ಕೂದಲೂ ಉಳಿಸೋನಲ್ಲ ನೀನು."

ಮೂಲ ರೆಕಾರ್ಡಿಂಗ್ ಇತ್ತು. ಅವನು ಗೊಣಗುತ್ತಾ ಹೂಂಗಳನ್ನೆಲ್ಲ ಮತ್ತೆ ಕೂರಿಸಿದ. ಅಜ್ಜಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ ನಕ್ಕುಬಿಟ್ಟಳು.

"ಇದಕ್ಕಿಂತ ಗೋಡೆನೇ ವಾಸಿ. ಹುಡುಗ ನೀರಿಗೆ ಬಿದ್ದ ಅಂದ್ರೂ ಹೂಂ, ಎದ್ದ ಅಂದ್ರೂ ಅದೇ ಹೂಂ. ಎಲ್ಲಿತ್ತೇ ನಿನ್ನ ಗಮನ?"

ಕಾಡಮ್ಮ ತಲೆ ತಗ್ಗಿಸಿದಳು. "ಬೆಳಕಿನ ಮೇಲೆ. ಮೋಡ ಬಂದ್ರೆ ಶಾಟ್ ಕೆಡುತ್ತಲ್ಲ..."

"ಗೊತ್ತಾಯ್ತು ನಂಗೆ. ಅದಕ್ಕೇ ಅರ್ಧಕ್ಕೆ ಮುಗಿಸ್ಬಿಟ್ಟೆ."

"ಏನನ್ನ?"

"ಕತೆನ."

ಸಿನಿಮಾದ ಆ ಕೊನೆಯನ್ನು, ಮೊದಲೇ ಕಚ್ಚಾ ಪ್ರತಿ ನೋಡಿದ್ದ ಚಿತ್ರೋತ್ಸವದ ಆಯ್ಕೆ ಸಮಿತಿಯ ಪ್ರೊಫೆಸರು "ಮೂಲನಿವಾಸಿಗಳ ಮುಕ್ತ ಅಂತ್ಯ" ಎಂದು ಎರಡು ಪುಟ ಹೊಗಳಿದ್ದರು. "ನಮ್ಮವರು ಕತೆಗೆ ಮುಕ್ತಾಯ ಹಾಕುವುದಿಲ್ಲ" ಎಂದು ಸಂದರ್ಶನ ಕೊಟ್ಟವಳು ಸ್ವತಃ ಕಾಡಮ್ಮ.

"ಹಾಗಾದ್ರೆ ಕಳಿಸಬಾರದಾ ಅಜ್ಜಿ?"

"ಕಳಿಸ್ಕೋ, ನಾನು ಬೇಡ ಅನ್ನಲ್ಲ. ಅವರಿಗೇನು ಗೊತ್ತಾಗುತ್ತೆ?"

ಒಪ್ಪಿಗೆ ಸಿಕ್ಕಿತ್ತು. ಒಂದು ಗುಂಡಿ ಒತ್ತಿದರೆ ಹದಿನೆಂಟು ವರ್ಷದ ಕಾಡಮ್ಮತನದಿಂದ ಮುಕ್ತಿ. ಸಮಯ ಮೂರೂವರೆ. ಅವಳು ಫೋನ್ ಆಫ್ ಮಾಡಿ, ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದಳು.

"ಅಣ್ಣ, ಮೈಕ್ ಹಾಕು. ಅಜ್ಜಿ, ಉಳಿದಿದ್ದು ಹೇಳು."

"ನಡುವಿಂದ ಹೇಳಕ್ಕೆ ಇದೇನು ಬಸ್ಸೇನೇ, ಸಿಕ್ಕಿದಲ್ಲಿ ಹತ್ತಕ್ಕೆ? ಮೊದಲಿಂದ ಕೇಳು."

ಅಜ್ಜಿ ಮೊದಲಿಂದ ಶುರುಮಾಡಿದಳು. ಸಿನಿಮಾ ಮುಗಿಯುವ ಜಾಗ ತಲುಪುವಾಗ ಗೋಡೆಯ ಗಡಿಯಾರದಲ್ಲಿ ಐದಾಗಿತ್ತು. ಯಾರೂ ಅತ್ತ ನೋಡಲಿಲ್ಲ.

"ನೀರಿಂದ ಎದ್ದ ಹುಡುಗ ಮನೆಗೆ ಬಂದು ಬಾಗಿಲು ತಟ್ಟಿದ," ಎಂದಳು ಅಜ್ಜಿ. "ಒಳಗಿಂದ ಅವನದೇ ದನಿ 'ಯಾರು?' ಅಂತು."

ಕಾಡಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಹೂಂ ಅನ್ನುವುದೇ ಮರೆತುಹೋಗಿತ್ತು. ಅಜ್ಜಿ ಮಾತು ನಿಲ್ಲಿಸಿ ಕಾದಳು.

"ಹೂಂ, ಆಮೇಲೆ?" ಎಂದ ಸೌಂಡಣ್ಣ, ಮೈಕಿಗೆ ಮೂತಿ ತಾಗುವಷ್ಟು ಹತ್ತಿರ ಬಗ್ಗಿ.